ಮೂವತ್ತೈದಕ್ಕೆ ಪಾಸಾದ ಕೀಪರ್

ಬೇರೆಯವರ ಆಫೀಸಲ್ಲಿ ನಗೋ ಅಂಥ ಪ್ರಸಂಗ ಯಾವಾಗ ನಡೆಯತ್ತೋ ಗೊತ್ತಿಲ್ಲ. ನಮ್ಮಲ್ಲಿ ಮಾತ್ರ ಯಾರದ್ದಾದ್ರೂ ಅನ್ನ ಹೋಗೋ ದಿನಾನೇ ಹುಡುಕ್ಕೊಂಡು ಬಂದು ನಡೆಯತ್ತೆ. ನಗಬಾರದ ಕಡೆ ನಗು ಬರತ್ತೆ, ಮನೆಗೆ ಬಂದ್ಮೇಲೆ ಊಟ ಸೇರಲ್ಲ.

ಮೊದ್ಲು ನನ್ನ ಕೆಲಸ ಏನು ಅಂತ ಹೇಳ್ಬಿಡ್ತೀನಿ. ಡಲ್ಲಾಸ್ ಹತ್ರ ಒಂದು ಬೇಸ್‌ಬಾಲ್ ತಂಡದಲ್ಲಿ ಲೆಕ್ಕ ನೋಡೋನು ನಾನು. ತಂಡದ ಹೆಸರು ಹೇಳಲ್ಲ, ಇನ್ನೂ ಸಂಬಳ ಕೊಡ್ತಿದಾರೆ. ದೊಡ್ಡ ಲೀಗಿನ ಕೆಳಗೆ ನಾಲ್ಕು ಮೆಟ್ಟಿಲು ಸಣ್ಣ ಲೀಗುಗಳಿವೆ. ಅಲ್ಲಿ ಆಡೋ ಹುಡುಗರಲ್ಲಿ ಯಾರು ಮೇಲೆ ಹತ್ತಬಹುದು, ಯಾರು ಅಲ್ಲೇ ಕೊಳೀತಾರೆ ಅಂತ ಕಂಪ್ಯೂಟರ್ ಮುಂದೆ ಕೂತು ಹೇಳ್ಬೇಕು. ಸೀಸನ್ ಮುಗಿದ್ಮೇಲೆ, ಚಳಿಗಾಲದಲ್ಲಿ, ಯಾರನ್ನ ಇಟ್ಕೊಳ್ಳೋದು ಯಾರನ್ನ ಕಳಿಸೋದು ಅನ್ನೋ ಪಟ್ಟಿ ತಯಾರಾಗತ್ತೆ. ಆಟ ನಾನು ಹುಟ್ಟಿದಾಗಿಂದ ಆಡಿಲ್ಲ. ಮೈಸೂರಲ್ಲಿ ಕಾಲೇಜ್ ಕ್ರಿಕೆಟ್ಟಿಗೆ ಸ್ಕೋರ್ ಬರೀತಿದ್ದೆ, ಅಷ್ಟೇ. ಈಗ ಹೇಳ್ತಿರೋದೆಲ್ಲ ಸೇರಿದ ಮೊದಲ್ನೇ ವರ್ಷದ ಕಥೆ.

೧. ಹೆಣ್ಣು ನೋಡೋ ಶಾಸ್ತ್ರ

ಊರೂರು ತಿರುಗಿ ಹುಡುಗರನ್ನ ನೋಡಿ ಬರೋಕೆ ಸ್ಕೌಟ್‌ಗಳು ಅಂತ ಇದ್ದಾರೆ. ಹಳೇ ಕಾಲದೋರು, ಕಂಪ್ಯೂಟರ್ ಅಂದ್ರೆ ಉರಿದು ಬೀಳ್ತಾರೆ. ನಂಗೆ ಆಟ ಗೊತ್ತಾಗ್ಲಿ ಅಂತ ಬಾಸು ಎಪ್ಪತ್ತು ದಾಟಿದ ಒಬ್ಬ ಸ್ಕೌಟ್ ಜೊತೆ ಫ್ರಿಸ್ಕೋ ಹತ್ರದ ಮೈದಾನಕ್ಕೆ ಕಳಿಸಿದ್ರು. ತಲೆ ಮೇಲೆ ರೊಟ್ಟಿ ಬೇಯೋ ಬಿಸಿಲು. ಹದಿನೆಂಟು ವರ್ಷದ ಹುಡುಗ ಒಬ್ಬ ಬಾಲ್ ಎಸೀತಿದ್ದ, ನಾನು ಒಂದೊಂದು ಎಸೆತದ ವೇಗ ಬರ್ಕೋತಿದ್ದೆ. ಮುದುಕ ಮಾತ್ರ ಮೈದಾನದ ಕಡೆ ಬೆನ್ನು ಹಾಕಿ ಗ್ಯಾಲರಿ ಕಡೆ ದುರ್ಬೀನು ಹಿಡಿದಿದ್ದ.

"ಏನ್ ನೋಡ್ತಿದೀರಾ?" ಅಂದೆ.

"ಹುಡುಗನ ತಾಯೀನ. ಸೊಂಟ ನೋಡು ಆಯಮ್ಮಂದು. ಐದು ವರ್ಷಕ್ಕೆ ಇವನೂ ಹಾಗೇ ಆಗ್ತಾನೆ. ಬೇಡ."

ಆಮೇಲೆ ನಡಿಗೆ ನೋಡ್ದ, ಭುಜ ನೋಡ್ದ, ಮುಖದಲ್ಲಿ ಕಳೆ ಇಲ್ಲ ಅಂದ. ಸತ್ಯವಾಗ್ಲೂ ಹೇಳ್ತೀನಿ, ನಮ್ಮ ಸೋದರತ್ತೆ ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ತಿರುಗಿಸಿ ಮುರುಗಿಸಿ ನೋಡ್ತಿರಲಿಲ್ಲ. ಉಪ್ಪಿಟ್ಟು ಕೇಸರಿಬಾತು ಒಂದು ಕಮ್ಮಿ. ಅಷ್ಟರಲ್ಲಿ ಆ ತಾಯಿ ನಮ್ಮನ್ನ ನೋಡಿ, ಪಾಪ, ಬಿಸಿಲಲ್ಲಿ ಕೂತಿದಾರೆ ಅಂತ ಎರಡು ಬಾಟ್ಲಿ ತಣ್ಣೀರು ತಂದು ಕೊಟ್ರು. ಮುದುಕ ಥ್ಯಾಂಕ್ಸ್ ಹೇಳಿ, ಗಟಗಟ ಕುಡಿದು, ಹುಡುಗನ ಹೆಸರಿನ ಮೇಲೆ ಗೀಟು ಎಳೆದ.

ಮನೆಗೆ ಬಂದು ಹೆಂಡ್ತಿಗೆ ಹೇಳ್ದೆ, "ತಾಯಿ ನೋಡಿ ಮಗನ್ನ ಬೇಡ ಅಂತಾರಲ್ಲ, ಇದು ಅನ್ಯಾಯ ಅಲ್ವಾ?"

ಅವಳು ನನ್ನ ಬೋಳುತಲೆ ಕಡೆ ಒಂದು ನಿಮಿಷ ನೋಡಿ ಅಂದ್ಳು, "ಅನ್ಯಾಯ ಏನು ಬಂತು? ನಮ್ಮಪ್ಪನೂ ಮದುವೆಗೆ ಮುಂಚೆ ನಿಮ್ಮಪ್ಪನ ಪೇಟ ತೆಗೆಸಿ ನೋಡ್ಬೇಕಿತ್ತು."

೨. ಶೂ ಸೈಜು

ನಮ್ಮ ತಂಡದಲ್ಲಿ ಒಬ್ಬ ಕ್ಯಾಚರ್ ಇದ್ದ. ಮುಖಕ್ಕೆ ಜಾಲರಿ ಕಟ್ಕೊಂಡು ಕುಕ್ಕರುಗಾಲಲ್ಲಿ ಕೂತು ಬಾಲ್ ಹಿಡಿಯೋನು, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ನಾನು ಅವನನ್ನ ಕೀಪರ್ ಅಂತಲೇ ಕರೀತಿದ್ದೆ, ಆಮೇಲೆ ಆಫೀಸಲ್ಲೂ ಅದೇ ಹೆಸರು ನಿಂತ್ಹೋಯ್ತು. ಊರು ಹ್ಯೂಸ್ಟನ್, ವಯಸ್ಸು ಇಪ್ಪತ್ತೊಂಬತ್ತು, ಸಣ್ಣ ಲೀಗಲ್ಲೇ ಏಳು ವರ್ಷ ಸವೆಸಿದ್ದ. ಕೂತು ಎದ್ರೆ ಮಂಡಿ ಲಟಲಟ ಅಂತಿತ್ತು. ಬ್ಯಾಟ್ ಹಿಡಿದ್ರೆ ದೇವರೇ ಗತಿ. ಆದ್ರೆ ಬಾಲ್ ಎಸೆಯೋ ಹೊಸ ಹುಡುಗರು ಗುರಿ ತಪ್ಪಿ ಎಸೆಯೋಕೆ ಶುರು ಮಾಡಿದಾಗ ಹತ್ರ ಹೋಗಿ ಒಂದು ಮಾತು ಹೇಳಿ ಸರಿ ಮಾಡ್ತಿದ್ದನಲ್ಲ, ಆ ಕೆಲಸದಲ್ಲಿ ಅವನಿಗೆ ಸಮ ಇನ್ನೊಬ್ಬನಿಲ್ಲ. ಉಳಿದೋರು ನನ್ನ ಕಂಡ್ರೆ ಯಮನ ಗುಮಾಸ್ತ ಬಂದ ಅಂತ ದೂರ ಹೋಗೋರು. ಇವನು ಮಾತ್ರ ಆಸ್ಟಿನ್‌ಗೆ ಮ್ಯಾಚಿಗೆ ಹೋಗುವಾಗೆಲ್ಲ ಬಸ್ಸಲ್ಲಿ ಪಕ್ಕ ಬಂದು ಕೂತು, "ಪ್ರೊಫೆಸರ್, ನನ್ನ ಲೆಕ್ಕ ಹೇಳಿ," ಅಂತಿದ್ದ. ಪ್ರೊಫೆಸರ್ ಅನ್ನೋದು ಅಲ್ಲಿ ನಂಗಿಟ್ಟ ಅಡ್ಡಹೆಸರು.

ಅವನ ಹೆಂಡ್ತಿಗೆ ಚೊಚ್ಚಲ ಬಸಿರು, ಫೆಬ್ರವರಿಗೆ ದಿನ. ಇನ್ನೊಂದು ವರ್ಷ ತಂಡದಲ್ಲಿ ಉಳಿದ್ರೆ ಕೋಚ್ ಮಾಡ್ತೀವಿ ಅಂತ ಬಾಸು ಮಾತು ಕೊಟ್ಟಿದ್ರು. "ಒಂದೇ ಒಂದು ವರ್ಷ ಪ್ರೊಫೆಸರ್, ಆಮೇಲೆ ನಂಗೂ ಒಂದು ನೆಲೆ ಅಂತ ಆಗತ್ತೆ," ಅಂತ ದಿನಾ ಹೇಳ್ತಿದ್ದ.

ಅಕ್ಟೋಬರಲ್ಲಿ ಹೊಸ ಶೂ ತರಿಸ್ಬೇಕು, ಎಲ್ಲರ ಸೈಜು ಕೇಳು ಅಂತ ನಂಗೆ ಹೇಳಿದ್ರು. ನಾನು ಪಟ್ಟಿ ಹಿಡ್ಕೊಂಡು ಆಫೀಸಿಂದ ಫೋನ್ ಮೇಲೆ ಫೋನ್ ಮಾಡ್ದೆ. ಒಬ್ಬನೂ ಎತ್ತಲಿಲ್ಲ. ಒಬ್ಬನ ತಾಯಿ ಎತ್ತಿ, ನಾನು ತಂಡದ ಆಫೀಸಿಂದ ಅಂದಿದ್ದೇ ತಡ, ಗೊಳೋ ಅಂತ ಅಳೋಕೆ ಶುರು ಮಾಡಿದ್ರು. ನಂಗೆ ಆಮೇಲೆ ತಿಳೀತು, ಇಲ್ಲಿನ ಪದ್ಧತಿ ಏನಪ್ಪಾ ಅಂದ್ರೆ, ಇಟ್ಕೊಳ್ಳೋರಿಗೆ ಚಳಿಗಾಲದಲ್ಲಿ ಆಫೀಸಿಂದ ಯಾರೂ ಫೋನ್ ಮಾಡಲ್ಲ. ಫೋನ್ ಬಂತು ಅಂದ್ರೆ ಕೆಲಸ ಹೋಯ್ತು ಅಂತಲೇ ಅರ್ಥ. ಒಬ್ಬ ಹುಡುಗ ಅಂತೂ ಫೋನನ್ನ ಫ್ರಿಜ್ಜಲ್ಲಿಟ್ಟು ಮೀನು ಹಿಡಿಯೋಕೆ ಹೋಗಿಬಿಟ್ಟಿದ್ದ.

ಎತ್ತಿದೋನು ಕೀಪರ್ ಒಬ್ಬನೇ. "ಹೇಳಿ ಪ್ರೊಫೆಸರ್. ತಡ್ಕೋತೀನಿ, ಹೇಳ್ಬಿಡಿ."

"ಏನಿಲ್ಲಪ್ಪ, ನಿನ್ನ ಶೂ ಸೈಜು ಎಷ್ಟು?"

ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕಾಲಲ್ಲಿ ನಡೆದ ಮನುಷ್ಯನಿಗೆ ಸೈಜು ಮರೆತು ಹೋಗಿತ್ತು. ಕೊನೆಗೆ ಹೆಂಡ್ತಿ ಶೂ ಎತ್ತಿ ನೋಡಿ ಹೇಳಿದ್ಳು.

ಉಳಿದೋರ ಸೈಜು ಹೋದ ವರ್ಷದ ಬಿಲ್ಲಲ್ಲಿ ಹುಡುಕಿ, ಅಂತೂ ಇಂತೂ ಇಪ್ಪತ್ತಾರು ಜೊತೆ ಶೂಗೆ ಆರ್ಡರ್ ಕೊಟ್ಟೆ. ಶೂ ಬರೋ ಹೊತ್ತಿಗೆ ಹಾಕ್ಕೊಳ್ಳೋಕೆ ಉಳಿದಿದ್ದು ಹತ್ತೊಂಬತ್ತು ಜನ.

೩. ಮರ್ಫಿಯಲ್ಲಿ ಸತ್ಯನಾರಾಯಣ ಪೂಜೆ

ಅದೇ ತಿಂಗಳು ಡಲ್ಲಾಸ್ ಪಕ್ಕದ ಮರ್ಫಿಯಲ್ಲಿ ಸ್ನೇಹಿತರ ಮನೇಲಿ ಪೂಜೆ. ಪ್ರಸಾದದ ತಟ್ಟೆ ಹಿಡ್ಕೊಂಡು ನಿಂತಿದ್ದೆ, ಪಕ್ಕದಲ್ಲಿ ಒಬ್ರು ಅಂಕಲ್, ಸಾಫ್ಟ್‌ವೇರಲ್ಲಿ ಇಪ್ಪತ್ತು ವರ್ಷ ದುಡಿದೋರು. ಏನ್ ಕೆಲಸ ಅಂದ್ರು, ಹೇಳ್ದೆ. ಶೂ ಸೈಜಿನ ಕಥೆನೂ ಹೇಳ್ದೆ. ಸುತ್ತ ಇದ್ದೋರೆಲ್ಲ ನಕ್ರು, ಅಂಕಲ್ ನಗಲಿಲ್ಲ.

"ಅಂದ್ರೆ, ಕೆಲಸದಿಂದ ತೆಗೆಯೋಕೆ ಮುಂಚೆ ನಿಮ್ಮೋರು ಫೋನ್ ಮಾಡ್ತಾರಾ?"

"ಹೌದು ಅಂಕಲ್."

"ಮನುಷ್ಯರೇ ಮಾತಾಡ್ತಾರಾ?"

"ಬಾಸೇ ಮಾತಾಡ್ತಾರೆ."

ಅವರು ಸಜ್ಜಿಗೆ ಉಂಡೆ ಕೈಯಲ್ಲೇ ಹಿಡ್ಕೊಂಡು ಅಂದ್ರು, "ಹೋದ ತಿಂಗಳು ನಾನು ಎಂದಿನ ಹಾಗೆ ಡ್ರೈವ್ ಮಾಡ್ಕೊಂಡು ಆಫೀಸಿಗೆ ಹೋಗಿ ಬ್ಯಾಡ್ಜ್ ತೋರಿಸ್ದೆ. ಬಾಗಿಲು ತೆಗೀಲಿಲ್ಲ. ಮಷೀನ್ ಕೆಟ್ಟಿದೆ ಅಂತ ಅರ್ಧ ಗಂಟೆ ಉಜ್ಜುತ್ತಾ ನಿಂತಿದ್ದೆ." ಆಮೇಲೆ ಹತ್ರ ಬಂದು ಮೆಲ್ಲಗೆ ಕೇಳಿದ್ರು, "ಎಷ್ಟು ಒಳ್ಳೇ ಕಂಪನಿ ಕಣ್ರೀ ನಿಮ್ಮದು. ಅಲ್ಲಿ ಏನಾದ್ರೂ ಖಾಲಿ ಇದ್ಯಾ?"

೪. ಗ್ರೇಸ್ ಮಾರ್ಕ್ಸು

ನವೆಂಬರಲ್ಲಿ ಪಟ್ಟಿ ಕೊನೇ ಹಂತಕ್ಕೆ ಬಂತು. ಕ್ಯಾಚರ್‌ಗಳು ಇಬ್ಬರು, ಇರೋದು ಒಂದೇ ಜಾಗ. ಬಾಸು ನನ್ನ ಕೈಗೆ ಕೀಪರ್‌ದೊಂದು ಫಾರಂ ಕೊಟ್ಟು, "ನಾಲ್ಕು ಜನ ಸ್ಕೌಟ್‌ಗಳು ಮಾರ್ಕ್ಸ್ ಹಾಕಿದಾರೆ. ಬೇಸಿಗೆಯೆಲ್ಲ ಅವನ ಜೊತೆ ಇದ್ದೋನು ನೀನು. ನೀನೂ ಒಂದು ಹಾಕು," ಅಂದ್ರು.

ಮಾರ್ಕ್ಸು ಅನ್ನೋದು ಸ್ಕೌಟ್‌ಗಳ ಕೆಲಸ, ಅಲ್ಲಿ ತನಕ ಆ ಫಾರಂ ನನ್ನ ಕೈಗೆ ಬಂದಿರಲಿಲ್ಲ. ಇಪ್ಪತ್ತರಿಂದ ಎಂಬತ್ತರ ಒಳಗೆ, ಐದೈದರ ಲೆಕ್ಕದಲ್ಲಿ ಹಾಕಿ ಅಂತ ಬರೆದಿತ್ತು. ಎಷ್ಟಕ್ಕೆ ಪಾಸು ಅಂತ ಬರೆದಿರಲಿಲ್ಲ. ಪಕ್ಕದವನನ್ನ ಕೇಳ್ಬಹುದಿತ್ತು. ಕೇಳಿದ್ರೆ ಇವನಿಗೆ ಇಷ್ಟೂ ಗೊತ್ತಿಲ್ವಾ ಅಂದ್ಕೋತಾರೆ ಅಂತ ಕೇಳಲಿಲ್ಲ. ಈ ಬುದ್ಧಿ ನಮ್ಮೋರಿಗೆ ಹುಟ್ಟುಗುಣ, ಸುಟ್ರೂ ಹೋಗಲ್ಲ.

ಎಸ್ಸೆಸ್ಸೆಲ್ಸಿ ಬರೆದ ಯಾವ ಕನ್ನಡಿಗನ್ನ ಬೇಕಾದ್ರೂ ನಿದ್ದೇಲಿ ಎಬ್ಬಿಸಿ ಎಷ್ಟಕ್ಕೆ ಪಾಸು ಅಂತ ಕೇಳಿ. ಮೂವತ್ತೈದು ಅಂದು ಮಗ್ಗುಲು ಬದಲಾಯಿಸಿ ಮಲಗ್ತಾನೆ. ಕೀಪರ್‌ನ ಬ್ಯಾಟಿಂಗು, ಮಂಡಿ, ವಯಸ್ಸು ಎಲ್ಲ ಸೇರಿಸಿ ನ್ಯಾಯವಾಗಿ ನೋಡಿದ್ರೆ ಮೂವತ್ತು ಬರ್ತಿತ್ತು. ಪೆನ್ನು ಹಿಡ್ಕೊಂಡು ಕೂತಾಗ ನಮ್ಮಪ್ಪ ನೆನಪಾದ್ರು. ಅವರು ಹೈಸ್ಕೂಲ್ ಮೇಷ್ಟ್ರು. ಮೂವತ್ತಕ್ಕೆ ಬಂದು ನಿಂತ ಪೇಪರ್ ಸಿಕ್ಕಿದ್ರೆ ಐದು ಸೇರಿಸಿ ದಾಟಿಸ್ಬಿಡೋರು. "ಐದು ಮಾರ್ಕ್ಸಿಗೋಸ್ಕರ ಒಂದು ವರ್ಷ ಹಾಳು ಮಾಡ್ಬಾರ್ದು ಕಣೋ," ಅನ್ನೋರು. ನಾನೂ ಧೈರ್ಯ ಮಾಡಿ ಐದು ಸೇರಿಸ್ದೆ. ಮೂವತ್ತೈದು. ಮನೆಗೆ ಹೋಗಿ, "ಇವತ್ತು ಒಂದು ಸಂಸಾರ ಉಳಿಸ್ದೆ," ಅಂದೆ. ಹೆಂಡ್ತಿ ಖುಷಿಯಾಗಿ ಶ್ಯಾವಿಗೆ ಪಾಯಸ ಮಾಡಿದ್ಳು. ನಾನು ಎರಡು ಸಲ ಹಾಕಿಸ್ಕೊಂಡು ತಿಂದೆ.

ಎರಡು ದಿನ ಬಿಟ್ಟು ಮೀಟಿಂಗು. ಬಾಸು ಎದ್ದು ನಿಂತು ಹೇಳಿದ್ರು, "ಕೀಪರ್‌ನ ಇಟ್ಕೊಳ್ಳೋಣ ಅಂತಲೇ ಇದ್ದೆ. ನಾಲ್ಕೂ ಜನ ನಲವತ್ತು, ನಲವತ್ತೈದು ಹಾಕಿದ್ರು. ಆಮೇಲೆ ಪ್ರೊಫೆಸರ್ ಫಾರಂ ನೋಡ್ದೆ. ಅವನ ಮೇಲೆ ಪ್ರಾಣ ಇಟ್ಕೊಂಡಿರೋನೇ ಮೂವತ್ತೈದು ಹಾಕಿದಾನೆ ಅಂದ್ರೆ ನಮಗೆ ಕಾಣದ್ದು ಏನೋ ಅವನಿಗೆ ಕಂಡಿದೆ. ಸ್ನೇಹ ನೋಡಲಿಲ್ಲ, ಮುಲಾಜು ನೋಡಲಿಲ್ಲ. ಇಂಥೋರು ಬೇಕು ನಮಗೆ." ಎಲ್ಲರೂ ಚಪ್ಪಾಳೆ ತಟ್ಟಿದ್ರು.

ನಾನು ಕುರ್ಚಿ ತಳ್ಳಿ ಎದ್ದೆ. "ಅಯ್ಯೋ, ನಾನು ಪಾಸ್ ಮಾಡಿದ್ದು ಸಾರ್!"

"ಪಾಸಾ? ಐವತ್ತು ಅಂದ್ರೆ ದೊಡ್ಡ ಲೀಗಿನ ಸಾಧಾರಣ ಆಟಗಾರ. ನಲವತ್ತು ಅಂದ್ರೆ ಹೇಗೋ ತಳ್ಳಬಹುದು. ಮೂವತ್ತೈದು ಅಂದ್ರೆ ಮನೆಗೆ ಕಳಿಸಿ ಅಂತ."

"ಈಗಲೇ ತಿದ್ದಿ ಕೊಡ್ತೀನಿ, ಫಾರಂ ಕೊಡಿ."

"ಬೆಳಿಗ್ಗೆ ಎಂಟಕ್ಕೇ ಅವನಿಗೆ ಫೋನ್ ಮಾಡಾಯ್ತು," ಅಂದ್ರು ಬಾಸು. "ಇನ್ನೊಬ್ಬ ಕ್ಯಾಚರ್ ಬಂದು ಸಹಿನೂ ಹಾಕಾಯ್ತು."

ಆ ವರ್ಷ ನನ್ನ ಕೆಲಸದ ಬಗ್ಗೆ ಬಾಸು ಬರೆದ ಷರಾ ಒಂದೇ ಸಾಲು: ಕಠಿಣ ನಿರ್ಧಾರಗಳಿಗೆ ಹೆದರುವುದಿಲ್ಲ.

೫. ಹ್ಯೂಸ್ಟನ್ನಿಗೆ ಹೋಗಿದ್ದು

ಎರಡು ವಾರ ನಾನು ಕನ್ನಡಿ ನೋಡಲಿಲ್ಲ. ಹೆಂಡ್ತಿನೇ ಬೈದು ಎಬ್ಬಿಸಿದ್ಳು. "ಮಾಡಿದ್ದು ಮಾಡಾಯ್ತು. ಹೋಗಿ ಅವನ ಮುಖ ನೋಡಿ ಹೇಳಿ ಬನ್ನಿ. ಬೈದ್ರೆ ಬೈಸ್ಕೊಳ್ಳಿ, ಹೊಡೆದ್ರೆ ಹೊಡೆಸ್ಕೊಳ್ಳಿ." ಬಸುರಿ ಇರೋ ಮನೆಗೆ ಬರಿಗೈಲಿ ಹೋಗ್ಬಾರ್ದು ಅಂತ ಒಂದು ಡಬ್ಬಿ ಮೈಸೂರು ಪಾಕು ಮಾಡಿ ಕೊಟ್ಳು. ಶನಿವಾರ ನಾಲ್ಕು ಗಂಟೆ ಡ್ರೈವ್ ಮಾಡ್ಕೊಂಡು ಹೋದೆ. ದಾರಿಯುದ್ದಕ್ಕೂ ವಾಪಸ್ ತಿರುಗಿಸೋ ಜಾಗ ಹುಡುಕ್ತಾನೇ ಇದ್ದೆ.

ಬಾಗಿಲು ತೆಗೆದಿದ್ದು ಕೀಪರ್. ಒಳಗೆ ಮಗುವಿನ ಮಂಚ ಬಿಡಿಬಿಡಿಯಾಗಿ ನೆಲದ ಮೇಲೆ ಹರಡಿತ್ತು, ಅವನ ಕೈಯಲ್ಲಿ ಸ್ಕ್ರೂಡ್ರೈವರು. ನನ್ನ ನೋಡಿ ಅಪ್ಪಿಕೊಂಡ. "ಏಳು ವರ್ಷ ದುಡಿದೆ, ಆಫೀಸಿಂದ ಒಬ್ಬನೂ ಬರಲಿಲ್ಲ. ಬಂದೋರು ನೀವೊಬ್ರೇ ಪ್ರೊಫೆಸರ್," ಅಂದ. ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಸೋಮವಾರದಿಂದ ಯಾರೋ ನೆಂಟರ ಜೊತೆ ಬೇಲಿ ಹಾಕೋ ಕೆಲಸಕ್ಕೆ ಹೋಗ್ತೀನಿ ಅಂದ. ಅವನ ಹೆಂಡ್ತಿ ಸೋಫಾದಲ್ಲಿ ಕೂತು ಮೈಸೂರು ಪಾಕಿನ ಡಬ್ಬಿ ತೆಗೆದ್ಳು.

ನಾನು ನಿಂತುಕೊಂಡೇ ಎಲ್ಲ ಹೇಳ್ದೆ. ಎಸ್ಸೆಸ್ಸೆಲ್ಸಿ ಅಂದ್ರೇನು, ಮೂವತ್ತೈದು ಅಂದ್ರೇನು, ನಮ್ಮಪ್ಪ ಯಾಕೆ ಐದು ಸೇರಿಸ್ತಿದ್ರು, ಎಲ್ಲ. ಪಾಯಸ ತಿಂದಿದ್ದನ್ನೂ ಹೇಳ್ಬಿಟ್ಟೆ, ಯಾಕೆ ಹೇಳ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ಅವಳು ತಿನ್ನೋದು ನಿಲ್ಲಿಸಿದ್ಳು. ಅವನು ಸ್ಕ್ರೂಡ್ರೈವರ್ ನೋಡ್ತಾ ಕೂತ. ಅದನ್ನ ಎಲ್ಲಿ ಚುಚ್ಚಬಹುದು ಅಂತ ಯೋಚಿಸ್ತಿದಾನೆ ಅಂತಲೇ ಅಂದ್ಕೊಂಡೆ.

ಅವನು ಅದನ್ನ ಕೆಳಗಿಟ್ಟು ಕೇಳ್ದ, "ಸರಿ. ಈಗ ಲೆಕ್ಕ ಗೊತ್ತಾಯ್ತಲ್ಲ. ಈಗ ಹೇಳಿ, ನಂಗೆ ಎಷ್ಟು ಹಾಕ್ತೀರಾ?"

"ಅರವತ್ತು," ಅಂದೆ.

ಅವನು ಹೆಂಡ್ತಿ ಕಡೆ ತಿರುಗಿದ. "ಕೇಳಿದ್ಯಾ? ಅರವತ್ತಂತೆ!"

ಮೊದ್ಲು ನಕ್ಕಿದ್ದು ಅವಳು. ಹೊಟ್ಟೆ ಹಿಡ್ಕೊಂಡು, "ಅರವತ್ತು ಇದ್ದಿದ್ರೆ ಇವನು ಟಿವೀಲಿ ಇರ್ತಿದ್ದ, ಈ ಮನೇಲಿ ಯಾಕೆ ಇರ್ತಿದ್ದ!" ಅಂತ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಳು. ಅವನೂ ನಕ್ಕ. ನಗ್ತಾ ನಗ್ತಾ ಅವನ ಮುಖ ಬೇರೆ ಥರ ಆಯ್ತು, ತೋಳಿಂದ ಕಣ್ಣು ಒರೆಸ್ಕೊಂಡ. ನಾನು ಎಲ್ಲಿ ನೋಡ್ಲಿ ಅಂತ ಗೊತ್ತಾಗ್ದೆ ಮಂಚದ ತುಂಡುಗಳನ್ನ ನೋಡ್ತಾ ನಿಂತೆ.

"ಏಳು ವರ್ಷದಲ್ಲಿ ಎಷ್ಟು ಜನ ನಂಗೆ ಮಾರ್ಕ್ಸ್ ಹಾಕಿದಾರೋ ಲೆಕ್ಕ ಇಲ್ಲ," ಅಂದ ಕೀಪರ್. "ಹೇಗಾದ್ರೂ ಇವನು ಪಾಸಾಗ್ಲಪ್ಪಾ ಅಂತ ಹಾಕಿದೋರು ನೀವೊಬ್ರೇ. ಕೆಲಸ ಹೋಗಿದ್ದೂ ಅದರಿಂದ್ಲೇ."

ನಾನು ಬಾಯಿ ತೆಗೆಯೋಕೆ ಹೋದೆ. ಅವನು ಬೇಡ ಅಂತ ಕೈ ಮಾಡಿ, ಮಂಚದ ಒಂದು ಕಾಲು ಎತ್ತಿ ನನ್ನ ಕೈಗಿಟ್ಟ.

"ಇದನ್ನ ನೆಟ್ಟಗೆ ಹಿಡ್ಕೊಳ್ಳಿ. ಲೆಕ್ಕ ಮಾತ್ರ ಮಾಡ್ಬೇಡಿ ಪ್ರೊಫೆಸರ್, ನಿಮ್ಮ ದಮ್ಮಯ್ಯ, ಮಗು ಮಲಗ್ಬೇಕು ಇದ್ರಲ್ಲಿ."