ಉಪಗ್ರಹವನ್ನು ನಂಬಿ ಊಟಕ್ಕೆ ಕರೆದದ್ದು

ದಾರಿ ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕನಿಕರ. ಆಕಾಶದಲ್ಲಿ ಅಷ್ಟೊಂದು ಉಪಗ್ರಹಗಳು ನಮಗಾಗಿಯೇ ಸುತ್ತುತ್ತಿರುವಾಗ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬಾಯಿ ನೋಯಿಸಿಕೊಳ್ಳುವುದೇಕೆ? ಹಾಗಾಗಿ, ಮೂಡಬಿದಿರೆಯಲ್ಲಿರುವ ಹೆಂಡತಿಯ ಸೋದರಮಾವ ವಾಮದಪದವಿನ ನಮ್ಮ ಹೊಸ ಮನೆಗೆ ಮೊದಲ ಸಲ ಊಟಕ್ಕೆ ಬರುತ್ತೇನೆಂದಾಗ, ಅವಳು ದಾರಿ ಹೇಳಲು ಬಾಯಿ ತೆರೆಯುವಷ್ಟರಲ್ಲೇ ಫೋನು ಕಸಿದುಕೊಂಡೆ. ಲೊಕೇಶನ್ ಕಳಿಸಿದ್ದೇನೆ, ಯಾರನ್ನೂ ಕೇಳಬೇಡಿ, ಅದೇ ಅಂಗಳಕ್ಕೆ ತಂದು ಬಿಡುತ್ತದೆ ಎಂದುಬಿಟ್ಟೆ.

ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಮಾವನಂತೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅವರನ್ನು ಕರೆದು ಉಪವಾಸ ಕಳಿಸಿದರೆ ಹೆಂಡತಿಯ ತವರಿನಲ್ಲಿ ನಾನು ಮತ್ತೆ ತಲೆಯೆತ್ತುವ ಹಾಗಿಲ್ಲ. ಇಳಿಹೊತ್ತಿಗೆ ಅವರ ಫೋನ್ ಬಂತು. ನಮ್ಮ ಮನೆಯ ಹತ್ತಿರದವರೆಗೆ ಸರಿಯಾಗಿಯೇ ಬಂದ ಬಾಣದ ಗುರುತು ಈಗ ಒಮ್ಮೆ ನರಿಕೊಂಬಿನ ಹೊಳೆಯೊಳಗೆ, ಒಮ್ಮೆ ಚಾರ್ಮಾಡಿ ಘಾಟಿಯ ಮೇಲೆ ಹಾರುತ್ತಿದೆಯಂತೆ. ಯಾರನ್ನಾದರೂ ಕೇಳಿ ಎಂದೆ. ನೀವೇ ಬೇಡ ಎಂದಿರಲ್ಲ, ಈಗ ರಬ್ಬರ್ ತೋಟದ ನಡುವೆ ಇದ್ದೇವೆ, ಕೇಳುವ ಎಂದರೆ ಜನವೂ ಇಲ್ಲ ಎಂದರು.

"ನಿಮ್ಮ ಆ ಡಬ್ಬಿಯನ್ನು ಒಮ್ಮೆ ಬಂದ್ ಮಾಡಿ ನೋಡುವ," ಎಂದಳು ಹೆಂಡತಿ.

ಡಬ್ಬಿ ಎಂದರೆ, ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ದನದ ಹಟ್ಟಿಯವರೆಗೂ ಸಿಗಲಿ ಎಂದು ನಾನು ಎಲ್ಲಿಂದಲೋ ತರಿಸಿ ತಾರಸಿಯ ಮೇಲೆ ಕೂರಿಸಿದ, ಹೆಸರಿಲ್ಲದ ಬೂಸ್ಟರ್. ಅದು ಬಂದಂದಿನಿಂದ ಪಾರ್ಸೆಲ್ ತರುವವರೂ ದಾರಿ ತಪ್ಪುತ್ತಿದ್ದಾರೆಂದು ಅವಳು ಹೇಳುತ್ತಲೇ ಇದ್ದಳು; ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗಲೂ ಸಿಟ್ಟೇನೋ ಬಂತು, ಆದರೆ ಸೂರ್ಯ ತೆಂಗಿನ ಗರಿಗಳಿಗಿಂತ ಕೆಳಗೆ ಇಳಿದಿದ್ದ. ತಾರಸಿಗೆ ಓಡಿ ಸ್ವಿಚ್ಚು ಆರಿಸಿದೆ. ಸ್ವಲ್ಪ ಹೊತ್ತಿನಲ್ಲೇ ಕಾರು ಅಂಗಳಕ್ಕೆ ಬಂತು.

ಮಾವ ಕೈತೊಳೆದು ಎಲೆಯ ಮುಂದೆ ಕೂತವರೇ, "ಅದು ಹಾಗೆ ಹಾರಿದ್ದು ಯಾಕೆ ಮಾರಾಯರೇ?" ಎಂದು ಕೇಳಿದರು. ನನ್ನನ್ನು ಇಂಥದ್ದನ್ನು ಕೇಳಬಾರದು. ಉಪಗ್ರಹದ ಸಂಕೇತ ಅಷ್ಟು ದೂರದಿಂದ ಬರುವಾಗ ತೀರಾ ಕ್ಷೀಣವಾಗಿರುತ್ತದೆ, ಪಕ್ಕದಲ್ಲೇ ಕೆಟ್ಟ ಬೂಸ್ಟರೊಂದು ಕಿರುಚುತ್ತಿದ್ದರೆ, ಮದುವೆಮನೆಯ ಮೈಕಿನ ಹತ್ತಿರ ಅಜ್ಜಿ ಪಿಸುಗುಟ್ಟಿದ ಹಾಗೆ, ಫೋನಿಗೆ ಕೇಳಿಸುವುದಿಲ್ಲ ಎಂದು ಪಾಯಸದ ಸೌಟು ಹಿಡಿದುಕೊಂಡೇ ವಿವರಿಸಿದೆ. ಬೂಸ್ಟರ್ ಯಾರದೆಂಬುದನ್ನು ಮಾತ್ರ ಹೇಳಲಿಲ್ಲ. ಮಾವ ತಲೆದೂಗಿ, ಮತ್ತೊಮ್ಮೆ ಪಾಯಸ ಹಾಕಿಸಿಕೊಂಡು, ಇಷ್ಟು ತಿಳಿದವರು ನಮ್ಮ ಕಡೆ ಯಾರೂ ಇಲ್ಲ ಎಂದರು. ಆ ಮಾತಿಗೆ ಉಬ್ಬಿಹೋದ ನಾನು ಚಂದ್ರ, ಮಂಗಳನವರೆಗೆ ಹೋಗಿ ಬಂದೆ.

ಬಂದು ನೋಡಿದರೆ ಮಾವ ತೃಪ್ತಿಯಿಂದ ಕೈ ಒರೆಸಿಕೊಳ್ಳುತ್ತಿದ್ದಾರೆ, ಎಲ್ಲರದೂ ಊಟವಾಗಿದೆ. ನನ್ನ ಎಲೆ ಎಲ್ಲಿ ಎಂದು ಕೇಳಿದೆ. ಹೆಂಡತಿ ಅಂಗಳದ ದೀಪ ಹಾಕುತ್ತಿದ್ದಳು.

"ನಿಮ್ಮದು ಇನ್ನು ನಾಳೆ ಬೆಳಿಗ್ಗೆ," ಎಂದಳು.