ಹಾಡದ ಪೆಟ್ಟಿಗೆಗೆ ಹೆಗಲು ಕೊಟ್ಟವರು

ನಾನು ಏನನ್ನಾದರೂ ಬಿಚ್ಚಿ ಹರಡಿಕೊಂಡು ಕೂತರೆ ಸಾಕು, ನಮ್ಮ ಬೀದಿಯವರಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಒಬ್ಬರು ಸಲಹೆ ಕೊಡಲು ಬರುತ್ತಾರೆ, ಇನ್ನೊಬ್ಬರು ಆ ಸಲಹೆ ತಪ್ಪು ಅನ್ನಲು ಬರುತ್ತಾರೆ. ಇಬ್ಬರಿಗೂ ಕಾಫಿ ಮಾಡುತ್ತಾ ನನ್ನ ಹೆಂಡತಿ, "ಕೆಟ್ಟಿದ್ದು ಕೆಟ್ಟ ಹಾಗೇ ಇದ್ದಿದ್ದರೆ ಹಾಲಾದರೂ ಉಳೀತಿತ್ತು" ಅನ್ನುತ್ತಾಳೆ.

ನಾನು ಅರಸೀಕೆರೆಯಲ್ಲಿ ರೈಲ್ವೆ ಸಿಗ್ನಲ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು. ಮನೆಗೆ ಬಂದು ಕೂತ ಸ್ವಲ್ಪ ದಿನಕ್ಕೇ ಸಣ್ಣದಾಗಿ ಲಕ್ವ ಹೊಡೆದು ಬಲಗೈ ಬೆರಳುಗಳು ಮಾತು ಕೇಳದ ಹಾಗಾದವು. ಅಂಗಿಯ ಗುಂಡಿ ಹಾಕಿಕೊಳ್ಳಲಿಕ್ಕೂ ಹೆಂಡತಿಯೇ ಬೇಕು. "ಬೆರಳಿಗೆ ಕೆಲಸ ಕೊಡಿ, ಸುಮ್ಮನೆ ಬಿಟ್ಟರೆ ಮರೆತುಬಿಡುತ್ತವೆ" ಅಂದರು ಡಾಕ್ಟರು. ಅದೇ ಹೊತ್ತಿಗೆ ಬಿಕ್ಕೋಡಿನ ಹತ್ತಿರದ ಎಸ್ಟೇಟ್ ಕ್ಲಬ್ಬೊಂದರ ಕಾರ್ಯದರ್ಶಿ, ನನ್ನ ಹಳೆಯ ಪರಿಚಯದವರು, ಫೋನ್ ಮಾಡಿದರು. "ಕ್ಲಬ್ ಮುಚ್ಚುತ್ತಾ ಇದೀವಿ. ಒಂದು ಜ್ಯೂಕ್‌ಬಾಕ್ಸ್ ಇದೆ, ಎಷ್ಟೋ ವರ್ಷದಿಂದ ಹಾಡಿಲ್ಲ. ನಿಮಗೆ ಬೇಕಾ?"

ಕಾಸು ಹಾಕಿ ಗುಂಡಿ ಒತ್ತಿದರೆ ಒಳಗಿನ ಕೈಯೊಂದು ಬೇಕಾದ ರೆಕಾರ್ಡನ್ನು ಎತ್ತಿ ಹಾಡಿಸುವ ಆಳೆತ್ತರದ ಪೆಟ್ಟಿಗೆ ಅದು. ಬೇಕು ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ.

ಕಂಬಳಿಯೊಳಗಿನ ವಿಗ್ರಹ

ತೆಂಗಿನಕಾಯಿ ಸಾಗಿಸುವ ಗೂಡ್ಸ್ ಗಾಡಿಯೊಂದನ್ನು ಮಾಡಿಕೊಂಡು ಹೋಗಿ, ಪೆಟ್ಟಿಗೆಗೆ ಕಂಬಳಿ ಸುತ್ತಿ, ಹಗ್ಗ ಬಿಗಿದು, ಬೇಲೂರು ದಾಟಿ ಹೊರಟೆವು. ಹಳೇಬೀಡಿನಲ್ಲಿ ಟೀ ಕುಡಿಯೋಣ ಅಂತ ಡ್ರೈವರ್ ಗಾಡಿ ನಿಲ್ಲಿಸಿದ. ನಿಲ್ಲಿಸಿದ್ದು ದೇವಸ್ಥಾನದಿಂದ ಕೂಗಳತೆಯಲ್ಲಿ. ಹಿಂದೆ ಆಳೆತ್ತರದ, ಕಂಬಳಿ ಸುತ್ತಿದ, ಮೇಲ್ತುದಿ ಕಮಾನಾಗಿ ಬಾಗಿದ ಆಕಾರ. ಲೋಟ ತುಟಿಗೆ ಇಡುವಷ್ಟರಲ್ಲಿ ಪೊಲೀಸಿನವರೊಬ್ಬರು ಬಂದರು.

"ಏನ್ರೀ ಐತೆ ಅದರಲ್ಲಿ?"

"ಹಾಡೋ ಪೆಟ್ಟಿಗೆ ಸಾರ್."

"ಹಾಡೋದಾ? ಎಲ್ಲಿ, ಹಾಡಿಸಿ."

"ಕೆಟ್ಟೋಗಿದೆ ಸಾರ್."

ಅವರು ಡ್ರೈವರನ ಮುಖ ನೋಡಿದರು. ಅವನು ಸತ್ಯವಂತ. "ನಂಗೇನೂ ಗೊತ್ತಿಲ್ಲ ಸಾರ್, ಭಾಳ ಹಳೇದು, ಹುಷಾರಾಗಿ ತಗಂಡೋಗು ಅಂದವ್ರೆ ಅಷ್ಟೇ" ಅಂದ. ಅಲ್ಲಿಗೆ ಕಂಬಳಿ ಬಿಚ್ಚಿಸಿದರು. ಬಣ್ಣದ ಗಾಜು, ಹೊಳೆಯುವ ಪಟ್ಟಿ, ಗುಂಡಿಗಳ ಸಾಲು ಕಂಡವು. ಬಸ್ತಿಹಳ್ಳಿಯ ಬಸದಿ ನೋಡಿಕೊಂಡು ಬರುತ್ತಿದ್ದ ಪ್ರವಾಸಿಗರು ಇದನ್ನೂ ನೋಡಲು ನಿಂತರು. ಒಬ್ಬಾಕೆ ಟಿಕೆಟ್ ಎಲ್ಲಿ ಅಂತ ಕೇಳಿದಳು.

ಪೊಲೀಸಿನವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ಎಷ್ಟು ವರ್ಷದ್ದು?" ಅಂದರು.

"ಅರವತ್ತು ಆಗಿರಬಹುದು ಸಾರ್."

ಅವರ ಮುಖದಲ್ಲಿ ಇದ್ದ ಆಸೆಯೆಲ್ಲ ಇಳಿಯಿತು. "ಅರವತ್ತಾ? ಹೊಯ್ಸಳರ ಕಾಲದ್ದಾಗಿದ್ರೆ ಒಂದು ಕೇಸಾದ್ರೂ ಆಗ್ತಿತ್ತು. ನಮ್ಮಪ್ಪನೇ ಇದಕ್ಕಿಂತ ಹಳಬ, ನಡೀರಿ."

ಹಾಗಂದವರು ಸುಮ್ಮನೆ ಹೋಗಲಿಲ್ಲ. ನನ್ನ ಕೈಯಲ್ಲಿ ಗಂಟು ನಿಲ್ಲದ್ದನ್ನು ನೋಡಿ ತಾವೇ ಗಾಡಿ ಹತ್ತಿ ಹಗ್ಗ ಬಿಗಿದುಕೊಟ್ಟರು. ಅರಸೀಕೆರೆವರೆಗೂ ಪೆಟ್ಟಿಗೆ ಅಲುಗಲಿಲ್ಲ. ಮನೆಗೆ ಬಂದ ಮೇಲೆ ಆ ಗಂಟು ಬಿಚ್ಚಲು ಯಾರಿಂದಲೂ ಆಗದೆ ಹಗ್ಗ ಕೊಯ್ಯಬೇಕಾಯಿತು.

ಬಾಗಿಲಲ್ಲಿ ನಿಂತ ಎಟಿಎಂ

ಪೆಟ್ಟಿಗೆಯ ಅಗಲ ಅಳೆದಿದ್ದೆ. ಬಾಗಿಲ ಅಗಲವನ್ನೂ ಅಳೆದಿದ್ದೆ. ಚಿಲಕ ಒಳಗೆ ಚಾಚಿಕೊಂಡಿರುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಕ್ಕದ ಕೊಬ್ಬರಿ ಮಂಡಿಯ ಯಜಮಾನರು ತಮ್ಮ ಹಮಾಲಿಗಳನ್ನು ಕಳಿಸಿಕೊಟ್ಟರು. ಅವರು ಜೋರಾಗಿ ನೂಕಿದರು. ಪೆಟ್ಟಿಗೆ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಮಂಡಿಗೆ ಲಾರಿ ಬಂತು, ಹಮಾಲಿಗಳು "ಊಟ ಆದ್ಮೇಲೆ ಬತ್ತೀವಿ" ಅಂತ ಹೊರಟರು. ನಾವು ಹಿತ್ತಿಲ ಬಾಗಿಲಿಂದ ಓಡಾಡಲು ಶುರು ಮಾಡಿದೆವು.

ಮಧ್ಯಾಹ್ನ ಹಿರಿಯರೊಬ್ಬರು ಬಂದು ಮೆಟ್ಟಿಲ ಮೇಲೆ ನಿಂತರು. ಕೈಯಲ್ಲಿ ಬ್ಯಾಂಕಿನ ಕಾರ್ಡು. ಪೆಟ್ಟಿಗೆಯ ಮುಖ ಬೀದಿಯ ಕಡೆಗಿತ್ತು. ಗುಂಡಿಗಳಿದ್ದವು, ಕಾಸು ಹಾಕುವ ಸಂದು ಇತ್ತು. ಅವರು ಕನ್ನಡಕ ಸರಿ ಮಾಡಿಕೊಂಡು ಕಾರ್ಡನ್ನು ಆ ಸಂದಿಗೆ ತುರುಕಲು ನೋಡುತ್ತಿದ್ದಾಗ ನಾನು ಕಿಟಕಿಯಿಂದ ಕೂಗಿದೆ.

"ಯಜಮಾನ್ರೇ, ಅದು ಎಟಿಎಂ ಅಲ್ಲ. ಹಾಡೋ ಪೆಟ್ಟಿಗೆ."

"ಮತ್ತೆ ಬಾಗಲಿಗೆ ಯಾಕಿಟ್ಟಿದೀರಿ?"

"ಇಟ್ಟಿಲ್ಲ, ಸಿಕ್ಕಾಕ್ಕೊಂಡಿದೆ."

ಅವರು ಒಂದು ಕ್ಷಣ ನೋಡಿ, ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ಪೆಟ್ಟಿಗೆಗೆ ಹೆಗಲು ಕೊಟ್ಟರು. ಹಮಾಲಿಗಳೂ ಬಂದು ಸೇರಿದರು. ಚಿಲಕ ಕಿತ್ತು ಬಂತು, ಪೆಟ್ಟಿಗೆ ಒಳಗೆ ಹೋಯಿತು. ಗುರುತು ಪರಿಚಯ ಇಲ್ಲದ ಮನುಷ್ಯ ಬೆವರು ಒರೆಸಿಕೊಂಡು ನಿಂತಿದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಕೈ ಮುಗಿದೆ. ಅವರು ಕಾಫಿ ಕುಡಿದು, ಎಲೆಯಡಿಕೆ ಹಾಕಿಕೊಂಡು, ಹೊರಡುವಾಗ ನನ್ನ ಭುಜ ತಟ್ಟಿ ಹೇಳಿದರು: "ಎಲ್ಲಾ ಸರಿ. ಮುಂದಿನ ತಿಂಗಳು ಪಿಂಚಣಿ ಹೊತ್ತಿಗಾದ್ರೂ ಇದಕ್ಕೆ ಕಾಸು ತುಂಬಿಸಿಡಿ."

ರಬ್ಬರ್ ಚೆಂಡು

ಬೆರಳಿನ ವ್ಯಾಯಾಮಕ್ಕೆ ಅಂತ ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ದಿನವೂ ಒತ್ತಬೇಕು. ಒತ್ತುತ್ತಿದ್ದೆ, ಪೆಟ್ಟಿಗೆ ಬರುವವರೆಗೂ. ನಮ್ಮ ನಡುಮನೆಯ ನೆಲ ಒಂದು ಕಡೆ ತಗ್ಗು. ಮೋಟಾರು ತಿರುಗಿದರೆ ಪೆಟ್ಟಿಗೆ ಗಡಗಡ ನಡುಗುತ್ತಿತ್ತು. ತಗ್ಗಿನ ಕಡೆಯ ಮೂಲೆಗೆ ಮೆತ್ತಗಿನದು ಏನಾದರೂ ಬೇಕಿತ್ತು. ಚೆಂಡನ್ನು ಎರಡು ಹೋಳು ಮಾಡಿ ಅಡಿಗಿಟ್ಟೆ. ನಡುಕ ನಿಂತಿತು.

ಬೆರಳಿನ ವ್ಯಾಯಾಮವನ್ನು ತಿರುಪುಗಳೇ ಮಾಡಿಸುತ್ತಿದ್ದವು. ಮೊದಮೊದಲು ಒಂದು ತಿರುಪು ಬಿಚ್ಚಲು ಒಂದಿಡೀ ಬೆಳಗು ಹಿಡಿಯುತ್ತಿತ್ತು. ಕೈ ಜಾರಿ ಒಳಗೆ ಬಿದ್ದರೆ ಎದುರು ಮನೆಯ ಟೈಲರ್ ಹೆಂಗಸು ಸೂಜಿ ಹೆಕ್ಕುವ ಅಯಸ್ಕಾಂತ ಹಿಡಿದು ಓಡಿ ಬರುತ್ತಿದ್ದರು. ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ದೆಸೆಯಿಂದ ನನ್ನ ಕಳೆದುಹೋದ ಸೂಜಿಗಳೂ ಸಿಗ್ತಾ ಇವೆ" ಅನ್ನುತ್ತಿದ್ದರು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವ್ಯಾಯಾಮ ಹೇಳಿಕೊಡುವ ಹುಡುಗಿ ನನ್ನ ಕೈ ಹಿಡಿದು ನೋಡಿ ಖುಷಿಪಟ್ಟಳು. "ತುಂಬಾ ಸುಧಾರಿಸಿದೆ ಅಂಕಲ್. ಚೆಂಡು ದಿನಾ ಒತ್ತುತ್ತಾ ಇದೀರಿ ಅನ್ಸುತ್ತೆ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಹಗಲೂ ರಾತ್ರಿ ಒತ್ತುತ್ತಾನೇ ಇದೆ ಕಣಮ್ಮ. ಮೂರಾಳಿನ ಭಾರ."

ಶ್ರುತಿ ಪೆಟ್ಟಿಗೆ

ಇಷ್ಟಾದರೂ ಪೆಟ್ಟಿಗೆ ಹಾಡುತ್ತಿರಲಿಲ್ಲ. ದೀಪ ಉರಿಯುತ್ತಿತ್ತು, ರೆಕಾರ್ಡು ತಿರುಗುತ್ತಿತ್ತು, ಸ್ಪೀಕರಿನಿಂದ ಬರುತ್ತಿದ್ದುದು ಬರೀ ಗುಂಯ್. ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ ಆ ಗುಂಯ್ ಬಹಳ ಹಿಡಿಸಿತು. "ತಂಬೂರಿ ಇದ್ದ ಹಾಗಿದೆ" ಅಂತ ಅದರ ಪಕ್ಕ ಚಾಪೆ ಹಾಸಿಕೊಂಡು ದೇವರನಾಮ ಹೇಳತೊಡಗಿದರು. ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಜೊತೆಯಾಗಿ ಹೋಗುವ ಅವರ ಗೆಳತಿಯರೂ ತಾಳ ಹಿಡಿದು ಬಂದರು. ನಾನು ಸ್ಕ್ರೂಡ್ರೈವರ್ ಹಿಡಿದು ಭಜನೆ ಮುಗಿಯುವವರೆಗೂ ಕಾಯಬೇಕಿತ್ತು.

ಗುಂಯ್‌ಗೆ ಕಾರಣ ಸೊರಗಿದ್ದ ಹಳೆಯ ಕಂಡೆನ್ಸರುಗಳು. ಹೊಸವನ್ನು ತರಿಸಿ ಹಾಕಿದೆ. ಪೆಟ್ಟಿಗೆ ಪೂರ್ತಿ ಮೌನವಾಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಸಂಜೆ ಹೆಂಗಸರು ಬಂದು ಕೂತರು, ಕಿವಿಗೊಟ್ಟರು, ಒಬ್ಬರ ಮುಖ ಒಬ್ಬರು ನೋಡಿದರು.

ಅತ್ತೆ ಬಹಳ ಸಂಕೋಚದಿಂದ ಹೇಳಿದರು: "ಇವತ್ತು ಶ್ರುತಿ ಇಲ್ಲ ಕಣ್ರಮ್ಮ. ಚೆನ್ನಾಗಿತ್ತು. ನಮ್ಮ ಅಳಿಯಂದಿರು ರಿಪೇರಿ ಮಾಡಿಬಿಟ್ಟರು."

ಬಿಕ್ಕೋಡಿನ ಅತಿಥಿ

ಕೊನೆಗೆ ಉಳಿದ ದೋಷ ಸಿಕ್ಕಿದ್ದು ಒಂದು ಭಾನುವಾರ. ರೆಕಾರ್ಡಿನ ಮೇಲೆ ಓಡುವ ಮುಳ್ಳಿನ ಕೈಯಿಂದ ಒಳಕ್ಕೆ ಹೋಗುವ ಕೂದಲೆಳೆಯಂಥ ವೈರು ತುಂಡಾಗಿತ್ತು. ಇಲಿಯ ಕೆಲಸ ಅಂದುಕೊಂಡೆ. ಟೈಲರ್ ಹೆಂಗಸು ಟಾರ್ಚು ಹಿಡಿದರು, ನಾನು ಬೆಸುಗೆ ಹಾಕಿದೆ. ನನ್ನ ಬಲಗೈ ನಡುಗಲಿಲ್ಲ. ಗುಂಡಿ ಒತ್ತಿದಾಗ ಹೆಂಗಸೊಬ್ಬಳ ದನಿ ಮನೆ ತುಂಬ ಹರಡಿತು. ಅತ್ತೆ, ಮಂಡಿ ಯಜಮಾನರು, ಹಮಾಲಿಗಳು, ಎಲ್ಲರೂ ಬಂದು ನಿಂತು ಕೇಳಿದರು. ಅವರ ಮಧ್ಯೆ ನಿಂತು ನಾನೇ ನನ್ನ ಅಂಗಿಯ ಗುಂಡಿ ಹಾಕಿಕೊಂಡೆ. ಅದನ್ನು ನೋಡಿದ್ದು ನನ್ನ ಹೆಂಡತಿ ಒಬ್ಬಳೇ.

ಸುದ್ದಿ ಬಿಕ್ಕೋಡಿಗೂ ಹೋಯಿತು. ಆ ಕ್ಲಬ್ಬಿನಲ್ಲಿ ಬಹಳ ಕಾಲ ಅಡುಗೆ ಮಾಡಿದ್ದ ಹಿರಿಯರೊಬ್ಬರು ಪೆಟ್ಟಿಗೆ ನೋಡಲೆಂದೇ ಬಸ್ಸು ಹತ್ತಿ ಬಂದರು. ಅವರಿಗೆ ಹಾಡು ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಇನ್ನೊಂದು ಹಾಕಿದೆ. ಹೆಂಡತಿ ಅಡುಗೆಮನೆಯಿಂದ, "ಮುದ್ದೆ ಆಗಿದೆ, ಏಳಿ" ಅಂದಳು. "ಇದೊಂದು ಮುಗೀಲಿ" ಅಂದೆ. ಮತ್ತೆ ಕರೆದಳು. "ಬಂದೆ" ಅಂತ ಇನ್ನೊಂದು ಹಾಕಿದೆ.

"ಏನು ಕೆಟ್ಟಿತ್ತು ಸ್ವಾಮಿ?" ಅಂತ ಅವರು ಕೇಳಿದರು.

"ಒಂದು ವೈರು. ಇಲಿ ಕಡಿದಿತ್ತು."

ಅವರು ನೆಲ ನೋಡುತ್ತಾ ಹೇಳಿದರು: "ಇಲಿ ಅಲ್ಲ ಸ್ವಾಮಿ. ನಾನೇ."

ನಾನು ಹಾಡು ನಿಲ್ಲಿಸಿದೆ.

"ಏನ್ ಮಾಡನ? ಬಿಸಿಬಿಸಿ ಅಡಿಗೆ ಮಾಡಿ ಊಟಕ್ಕೆ ಕರೆದ್ರೆ ಒಬ್ರೂ ಏಳ್ತಿರಲಿಲ್ಲ. ಇದೊಂದು ಹಾಡು, ಇನ್ನೊಂದು ಹಾಡು. ಎಲ್ಲಾ ಆರಿ ತಣ್ಣಗಾದ ಮೇಲೆ ತಿಂದು, ಅಡಿಗೆ ಚೆಂದಾಗಿಲ್ಲ ಅಂತ ನನ್ನ ಬಯ್ಯೋರು. ಒಂದಿನ ಈರುಳ್ಳಿ ಹೆಚ್ಚೋ ಚಾಕು ತಗಂಡು ಹೋಗಿ ಕುಯ್ದುಬಿಟ್ಟೆ."

"ಆಮೇಲೆ?"

"ಆಮೇಲೇನು, ಕರೆದ ತಕ್ಷಣ ಬಂದು ಬಿಸಿ ಬಿಸಿ ತಿಂದ್ರು. ಈಗೀಗ ಕೈರುಚಿ ಭಾಳ ಸುಧಾರಿಸೈತೆ ಅಂತ ಸಂಬಳ ಜಾಸ್ತಿ ಮಾಡಿದ್ರು."

ಆ ವೈರು ತುಂಡಾಗದಿದ್ದರೆ ಪೆಟ್ಟಿಗೆ ನನಗೆ ಸಿಗುತ್ತಿರಲಿಲ್ಲ, ಬೆರಳಿಗೆ ಕೆಲಸವೂ ಸಿಗುತ್ತಿರಲಿಲ್ಲ. ಅವರ ಕೈ ಹಿಡಿದುಕೊಂಡು, "ನಿಮ್ಮಿಂದ ಉಪಕಾರವೇ ಆಯಿತು" ಅಂದೆ.

ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನೆರಳು ಕಂಡಿತು. ಹೆಂಡತಿ ಸೌತೆಕಾಯಿ ಹೆಚ್ಚುತ್ತಿದ್ದ ಚಾಕು ಹಿಡಿದುಕೊಂಡೇ ಬಂದು ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಅವರನ್ನು ಬಹಳ ಗೌರವದಿಂದ ಕೇಳಿದಳು:

"ಅಣ್ಣಾ, ಅದು ಯಾವ ವೈರು, ನನಗೂ ಸ್ವಲ್ಪ ತೋರಿಸಿಕೊಡಿ."