ಕಂಬಳಿಗೆ ಹಚ್ಚಿದ ಪಾಲಿಮರ್

ನಾನು ವಿಜ್ಞಾನಿಯಾಗುವ ಹಿಂದಿನ ದಿನ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ನನ್ನ ಹೆಂಡತಿ ಗಂಗಮ್ಮ ಅಂಗಳದಲ್ಲಿ ಕುಳಿತು ಮಜ್ಜಿಗೆ ಕಡೆಯುತ್ತಿದ್ದಳು. ಆ ಕಡಗೋಲು ಮಜ್ಜಿಗೆಗೆ ಬಳಕೆಯಾದ ಕೊನೆಯ ದಿನ ಅದು.

ಅವಳಿಗೆ ಉಬ್ಬಸ. ಸೊಳ್ಳೆಬತ್ತಿ ಹಚ್ಚಿದರೆ ಉಸಿರು ಕಟ್ಟುತ್ತಿತ್ತು. ಪರದೆ ಕಟ್ಟಿದರೆ ಗಾಳಿ ಸಾಲದೆಂದು ಒದ್ದಾಡುತ್ತಿದ್ದಳು. ಎಷ್ಟೋ ರಾತ್ರಿ ಗೋಡೆಗೆ ಒರಗಿ, ಸೊಳ್ಳೆ ಬಡಿಯುತ್ತಲೇ ಬೆಳಗು ಮಾಡಿದ್ದಾಳೆ. ಅವಳಿಗೆ ಬೇಕಾದದ್ದು ಒಂದು ಪೂರ್ತಿ ನಿದ್ದೆ. ಕೊಡಬೇಕೆಂಬ ಆಸೆ ನನಗಿತ್ತು. ವಿದ್ಯೆ ಇರಲಿಲ್ಲ.

ವಿದ್ಯೆ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಮಂಡಕ್ಕಿ ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ ಹೀಗೆ ಬರೆದಿತ್ತು: ಸೊಳ್ಳೆ ಓಡಿಸುವ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣಗಳೊಳಗೆ ತುಂಬಿದರೆ, ಅದು ಒಮ್ಮೆಲೇ ಆರಿಹೋಗದೆ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದಂತೆ. ಹೊಗೆಯಿಲ್ಲ. ಪಾಲಿಮರ್ ಎಂದರೆ ಪ್ಲಾಸ್ಟಿಕ್ಕೇ ಆಗಬೇಕಿಲ್ಲ, ಗಂಜಿ, ಅಂಟುಗಳೂ ಪಾಲಿಮರೇ ಅಂತೆ. ತುಂಬುವುದು ಹೇಗೆ ಎಂಬ ಭಾಗ ಮಿರ್ಚಿಯ ಎಣ್ಣೆಯಲ್ಲಿ ಅಳಿಸಿಹೋಗಿತ್ತು. ಅದೇನು ದೊಡ್ಡ ವಿಷಯ ಎಂದುಕೊಂಡೆ. ಹತ್ತನೇ ತರಗತಿಯಲ್ಲಿ ನಾನು ವಿಜ್ಞಾನ ಪಾಸಾದದ್ದು ಗ್ರೇಸ್ ಅಂಕದಲ್ಲಿ ಎಂಬುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ.

ನಮ್ಮ ಪಕ್ಕದ ಮನೆಯ ಮೈಲಪ್ಪ ಕಂಬಳಿ ನೇಯುವವನು. ನೂಲು ಗಟ್ಟಿಯಾಗಲೆಂದು ಹುಣಸೆ ಬೀಜದ ಗಂಜಿ ಕಾಯಿಸಿ ಹಚ್ಚುತ್ತಾನೆ. ಇದಕ್ಕಿಂತ ಒಳ್ಳೆಯ ಪಾಲಿಮರ್ ಎಲ್ಲಿದೆ?

"ಒಂದು ಗಡಿಗಿ ಗಂಜಿ ಕೊಡು, ವಿಜ್ಞಾನಕ್ಕ ಬೇಕು" ಎಂದೆ.

"ಒಯ್ಯಿ. ಪೇಪರಿನಾಗ ನಿನ್ನ ಫೋಟೋ ಬಂದ್ರ ಬಾಜೂಕ ನಂದೂ ಹಾಕಸು ಮತ್ತ" ಎಂದ.

ಹರಪನಹಳ್ಳಿಯಿಂದ ನಿಂಬೆಹುಲ್ಲಿನ ಎಣ್ಣೆ ತಂದೆ. ಮನೆಯಲ್ಲಿದ್ದ ಬೇವಿನೆಣ್ಣೆ ಸೇರಿಸಿದೆ. ಗಂಜಿಗೆ ಸುರಿದರೆ ಎಣ್ಣೆ ಮೇಲೆಯೇ ತೇಲಿತು. ಕಣಗಳಾಗಬೇಕಲ್ಲ? ಕಡಗೋಲು ತೆಗೆದುಕೊಂಡು ಕಡೆದೆ.

"ಅಯ್ಯ, ನನ್ನ ಕಡಗೋಲು!" ಎಂದು ಗಂಗಮ್ಮ ಓಡಿಬಂದಳು.

"ಸುಮ್ನಿರು. ಕಣ್ಣಿಗೆ ಕಾಣದಂಥ ಕಣ ಆಗಾಕ ಹತ್ಯಾವು."

"ಕಾಣದಿದ್ದುದು ನಿಮಗೆ ಹೆಂಗ ಕಾಣ್ತೈತಿ?"

ಈ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿರಬೇಕು. ನಾನು ಇನ್ನೂ ಜೋರಾಗಿ ಕಡೆದೆ. ಮನೆಯಲ್ಲಿದ್ದ ಹೊಸ ಕಂಬಳಿಗೆ ಮಿಶ್ರಣ ಹಚ್ಚಿ ನೆರಳಿನಲ್ಲಿ ಒಣಗಿಸಿದೆ. ಸಂಜೆಗೆ ಕಂಬಳಿ ಗೋಡೆಗೆ ಒರಗಿ ತಾನಾಗಿಯೇ ನಿಂತಿತು.

"ಇದು ಹೊದ್ಕೊಳ್ಳಾದೇನ್ರಿ, ಬಾಗಲಿಗೆ ಕದಾ ಮಾಡಾದೇನ್ರಿ?"

ರಾತ್ರಿ ಹೊದಿಸಿದೆ. ವಾಸನೆಯೇ ಇಲ್ಲ. ಸೊಳ್ಳೆಗಳು ಅದರ ಮೇಲೆಯೇ ಕುಳಿತು ದಣಿವಾರಿಸಿಕೊಂಡವು. ಗಂಜಿಯ ಆಸೆಗೆ ಇರುವೆಗಳೂ ಬಂದವು. ಗಂಗಮ್ಮ ಮತ್ತೆ ಗೋಡೆಗೆ ಒರಗಿದಳು.

ಮರುದಿನ ಮಧ್ಯಾಹ್ನ ಅವಳ ಅಣ್ಣ ತನ್ನ ಮಗಳ ಸಂಬಂಧದ ಮಾತಿಗೆಂದು ಉಚ್ಚಂಗಿದುರ್ಗದ ಕಡೆಯ ಬೀಗರನ್ನು ನಮ್ಮ ಮನೆಗೇ ಕರೆತಂದ. ನಮ್ಮಲ್ಲಿ ಇಂಥ ಮಾತಿಗೆ ಹಿರಿಯರು ಕಂಬಳಿಯ ಮೇಲೆಯೇ ಕೂಡಬೇಕು. ಹೊಸದಾದರೆ ಮರ್ಯಾದೆ ಹೆಚ್ಚು. ಹೇಗೂ ವಾಸನೆಯಿಲ್ಲವೆಂದು ಅದನ್ನೇ ಹಾಸಿದೆ.

ಬಿಸಿಲು ಜೋರಿತ್ತು. ಹಿರಿಯರು ಬೆವತರು. ಎಲೆ ಅಡಿಕೆಯ ತಟ್ಟೆ ಸುತ್ತು ಬರುವಷ್ಟರಲ್ಲಿ ಕಂಬಳಿಯಿಂದ ಎಣ್ಣೆಯ ಬಿಡುಗಡೆ ಆರಂಭವಾಯಿತು.

"ಮಗ್ಗಲ ಮನ್ಯಾಗ ಬೇವಿನೆಣ್ಣಿ ಗಾಣ ಐತೇನ್ರಿ?" ಎಂದು ಹುಡುಗನ ಅಜ್ಜ ಮೂಗಿಗೆ ಟವೆಲ್ ಹಿಡಿದ. ಯಾರಿಗೂ ಕೂಡಲಾಗಲಿಲ್ಲ. ಎಲ್ಲರೂ ಒಟ್ಟಿಗೆ ಎದ್ದರು.

ಕಂಬಳಿಯೂ ಎದ್ದಿತು.

ಬೆವರಿಗೆ ಗಂಜಿ ಕರಗಿ ಧೋತರಗಳಿಗೆ ಅಂಟಿಕೊಂಡಿತ್ತು. ನಾನು ಒಂದು ತುದಿ ಹಿಡಿದು ಎಳೆದೆ. ಹಿರಿಯರೂ ಜೊತೆಗೇ ಬಂದರು. ಅಜ್ಜ ಹಿಂತಿರುಗಿ ನೋಡಿ ಹೇಳಿದ: "ಬೀಗರು ನಮ್ಮನ್ನ ಬಿಡಂಗ ಕಾಣಂಗಿಲ್ಲ. ಸಂಬಂಧ ಗಟ್ಟಿ ಅನ್ರಿ."

ಗಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂದು, ಕುಳಿತು, ಮತ್ತೆ ನಕ್ಕಳು. ಹೇಗೋ ಬಿಡಿಸಿದ ಕಂಬಳಿಯನ್ನು ಕಾಂಪೌಂಡ್ ಗೋಡೆಯ ಮೇಲೆ ಹಾಕಿದೆ. ಆ ರಾತ್ರಿ, ದಣಿದದ್ದಕ್ಕೋ, ನಿಜಕ್ಕೂ ಸೊಳ್ಳೆ ಹೋದದ್ದಕ್ಕೋ, ಅವಳು ಬೆಳಗಾಗುವವರೆಗೆ ಮಲಗಿದಳು. ಬೆಳಿಗ್ಗೆ ಮೈಲಪ್ಪ ಮೈ ಕೆರೆದುಕೊಳ್ಳುತ್ತ ಬಂದ.

"ಗಂಜಿ ಕೊಟ್ಟಿದ್ದಕ್ಕ ಊರಾಗಿನ ಸೊಳ್ಳಿ ಎಲ್ಲಾ ನಮ್ಮನಿಗೆ ಕಳಿಸಿಯೇನಲೇ?"

ನನ್ನ ವಿಜಯ ಅಷ್ಟಕ್ಕೇ ಮುಗಿಯಿತು. ಮರುದಿನದಿಂದ ವಾಸನೆ ಬಿಸಿಲೇರಿದಾಗ ಮಾತ್ರ ಏಳತೊಡಗಿತು. ಆ ಹೊತ್ತಿನಲ್ಲಿ ಸೊಳ್ಳೆಗಳಿರುವುದಿಲ್ಲ. ಸಂಜೆ ಅವು ಬರುವಷ್ಟರಲ್ಲಿ ಕಂಬಳಿ ತಣ್ಣಗಾಗಿ ಸುಮ್ಮನಾಗುತ್ತಿತ್ತು. ಮಧ್ಯಾಹ್ನ ವಾಸನೆ ಎದ್ದಾಗಲೆಲ್ಲ ಗಂಗಮ್ಮ ಒಳಗಿನಿಂದ, "ಬಂತು ನೋಡ್ರಿ ನಿಮ್ಮ ಪಾಲಿಮರ್ರು" ಅನ್ನುತ್ತಿದ್ದಳು.

ಮುಂದೆ ಒಂದು ಚಳಿಗಾಲದಲ್ಲಿ ಉಬ್ಬಸ ಹೆಚ್ಚಾಗಿ ಅವಳು ತೀರಿಕೊಂಡಳು. ಕಂಬಳಿಯನ್ನು ನಾನು ಒಗೆದಿಲ್ಲ. ಬೇಸಿಗೆಯಲ್ಲಿ ಬಿಸಿಲೇರಿದಾಗ ಈಗಲೂ ವಾಸನೆ ಬರುತ್ತದೆ, ಸ್ವಲ್ಪ ಸ್ವಲ್ಪವಾಗಿ, ಪೇಪರಿನಲ್ಲಿ ಬರೆದಿದ್ದಂತೆಯೇ. ಗ್ರೇಸ್ ಅಂಕದವನು ಮಾಡಿದ್ದು ಇಷ್ಟು ದಿನ ಬಾಳುತ್ತದೆಂದು ಯಾರೂ ಎಣಿಸಿರಲಿಲ್ಲ. ವಾಸನೆ ಬಂದಾಗ ನಾನು ಅಡುಗೆಮನೆಯ ಕಡೆ ತಿರುಗುತ್ತೇನೆ.

ಒಳಗಿನಿಂದ ಯಾರೂ ಏನೂ ಅನ್ನುವುದಿಲ್ಲ.